ಬೆಳ್ಳಂಗಳದ ಮಾಸದ ರಂಗೋಲಿ

ಹಿಂದೆ, ಬಹಳ ಹಿಂದೆ, ಕಾಗೆಗೂ ಒಂದೆರಡು ಬಿಳಿ ಗರಿ ಇದ್ದ ಕಾಲದಲ್ಲಿ, ಬೆಳ್ಳಂಗಳ ಅಂತ ಒಂದು ರಾಜ್ಯ ಇತ್ತು. ಹೆಸರಿಗೆ ತಕ್ಕ ಊರು. ಬೆಳಗಾಗುತ್ತಿದ್ದ ಹಾಗೆ ಹೆಂಗಸರೆಲ್ಲ ಅಂಗಳ ಗುಡಿಸಿ, ಸಗಣಿನೀರು ಚಿಮುಕಿಸಿ, ರಂಗೋಲಿ ಬಿಟ್ಟರೆಂದರೆ ಬೀದಿಗೆ ಬೀದಿಯೇ ಬೆಳ್ಳಗಾಗುತ್ತಿತ್ತು.

ಆ ಊರಲ್ಲಿ ರಂಗೋಲಿ ಬರೀ ಚೆಂದಕ್ಕಲ್ಲ. ಅಂಗಳದಲ್ಲಿ ತೊಟ್ಟಿಲು ಬರೆದಿದ್ದರೆ ಆ ಮನೆಯಲ್ಲಿ ಕೂಸು ಹುಟ್ಟಿದೆ ಅಂತ. ಬಾಸಿಂಗ ಬರೆದಿದ್ದರೆ ಮದುವೆ. ಏನೂ ಬರೆಯದೆ ಅಂಗಳ ಬೋಳಾಗಿದ್ದರೆ ಆ ಮನೆಯಲ್ಲಿ ಯಾರೋ ಹೋಗಿಬಿಟ್ಟಿದ್ದಾರೆ. ಬೋಳು ಅಂಗಳ ಕಂಡರೆ ಸಾಕು, ಹೊಲಕ್ಕೆ ಹೊರಟವನು ಹೆಗಲ ಮೇಲಿನ ನೇಗಿಲು ಇಳಿಸುತ್ತಿದ್ದ, ಒಲೆ ಹಚ್ಚಿದವಳು ಬೆಂಕಿ ಆರಿಸುತ್ತಿದ್ದಳು. ಯಾರೂ ಕರೆಯಬೇಕಾಗಿರಲಿಲ್ಲ. ಹೊರುವುದಕ್ಕೆ ನಾಲ್ಕು ಹೆಗಲು, ಅಳುವುದಕ್ಕೆ ಹತ್ತು ಬಾಯಿ, ತಾವಾಗಿ ಬಂದು ನಿಲ್ಲುತ್ತಿದ್ದವು.

ಹೀಗಿರುವಾಗ ಆ ರಾಜ್ಯದ ದೊರೆ ಸೋಮಭೂಪನ ರಾಣಿ ತೀರಿಕೊಂಡಳು. ಅರಮನೆಯ ಅಂಗಳ ಹದಿಮೂರು ದಿನ ಬೋಳಾಗಿತ್ತು. ದೊರೆ ಕಿಟಕಿ ತೆಗೆದರೂ ಅದೇ ಕಾಣುತ್ತದೆ, ಬಾಗಿಲು ತೆಗೆದರೂ ಅದೇ ಕಾಣುತ್ತದೆ. ಹದಿನಾಲ್ಕನೆಯ ದಿನ ಬಿಳಿ ಶಾಲು ಹೊದ್ದ ಒಬ್ಬ ಮಾಂತ್ರಿಕ ಬಂದು ನಿಂತ. ಮಾಸದಯ್ಯ ಅಂತ ಹೆಸರು ಹೇಳಿಕೊಂಡ.

"ಮಹಾಪ್ರಭು, ಬೋಳು ಅಂಗಳ ಕಂಡರೆ ತಾನೇ ಈ ಸಂಕಟ? ಒಂದು ಸಲ ಬಿಟ್ಟರೆ ಎಂದೆಂದಿಗೂ ಮಾಸದ ರಂಗೋಲಿ ನನ್ನ ಹತ್ತಿರ ಇದೆ. ನೀವು ಹೂಂ ಅನ್ನಿ, ಇನ್ನು ಈ ರಾಜ್ಯದಲ್ಲಿ ಯಾರ ಕಣ್ಣಿಗೂ ಸಾವು ಕಾಣಿಸೋದಿಲ್ಲ."

ದೊರೆ ಹೂಂ ಅಂದ. ಮಾಸದಯ್ಯ ಒಂದು ಚಿಟಿಕೆ ಪುಡಿ ತೆಗೆದು ಬಿಟ್ಟ. ಒಂದೇ ಒಂದು ಬಿಳಿ ಗೆರೆ ಅರಮನೆಯ ಮುಂದಿನಿಂದ ಹೊರಟು ಬೀದಿ ಬೀದಿ ಸುತ್ತಿತು. ಒಂದು ಅಂಗಳದಲ್ಲಿ ನವಿಲಾಯಿತು, ಇನ್ನೊಂದರಲ್ಲಿ ಹಾವಾಯಿತು, ಮತ್ತೊಂದರಲ್ಲಿ ತಾವರೆಯಾಯಿತು. ಎಲ್ಲೂ ಕಡಿಯಲಿಲ್ಲ, ಎಲ್ಲೂ ಮುಗಿಯಲಿಲ್ಲ. ಮಳೆ ಹೊಡೆದರೂ ಹೋಗದು, ಎಮ್ಮೆ ತುಳಿದರೂ ಹೋಗದು. ಗೆರೆಯ ಒಂದು ತುದಿಯನ್ನು ಬೆರಳಲ್ಲೇ ಹಿಡಿದು ಎಳೆಯುತ್ತಾ ಮಾಸದಯ್ಯ ಊರಾಚೆ ಹೊರಟುಹೋದ.

ಹೆಂಗಸರಿಗೆ ಮೊದಮೊದಲು ಹಿಗ್ಗೋ ಹಿಗ್ಗು. ಬೆಳಗಾಗೆದ್ದು ಬೆನ್ನು ಬಗ್ಗಿಸುವ ಕೆಲಸ ತಪ್ಪಿತಲ್ಲ! ಆಮೇಲೆ ನೋಡಿ, ಹುಟ್ಟಿದರೂ ಅದೇ ರಂಗೋಲಿ, ಸತ್ತರೂ ಅದೇ ರಂಗೋಲಿ. ಯಾರದೋ ಮನೆಯೊಳಗಿಂದ ಅಳು ಕೇಳಿಸಿದರೆ ಹಾದಿಹೋಕರು ಅಂಗಳದ ಕಡೆ ಒಂದು ಸಲ ನೋಡುವುದು, "ರಂಗೋಲಿ ಇದೆಯಲ್ಲ, ಎಲ್ಲ ಕ್ಷೇಮ. ಈರುಳ್ಳಿ ಹೆಚ್ಚುತ್ತಿರಬೇಕು" ಅನ್ನುವುದು, ಮುಂದೆ ಹೋಗುವುದು. ಸತ್ತವರನ್ನು ಅವರವರ ಮನೆಯವರೇ ಹಿತ್ತಲ ಬಾಗಿಲಿಂದ ಸಾಗಿಸಿ ಬಂದರು. ಹೀಗೆ ಎಷ್ಟೋ ವರ್ಷ ಕಳೆಯಿತು.

ಆ ಊರ ಕೊನೇ ಬೀದಿಯಲ್ಲಿ ಸಾತವ್ವ ಅಂತ ಒಬ್ಬಳಿದ್ದಳು. ಗಂಡ ದಂಡಿನ ಜೊತೆ ಹೋದವನು ಬರಲೇ ಇಲ್ಲ. ಮನೆಯಲ್ಲಿ ಅವಳು, ಅವಳತ್ತೆ ಭೈರವ್ವ, ಇಬ್ಬರೇ. ಎಣ್ಣೆ ಸೀಗೆಕಾಯಿ ಅಂತಾರಲ್ಲ, ಹಾಗೆ. ಸಾರಿಗೆ ಹುಳಿ ಹೆಚ್ಚಾಯಿತು ಅಂತ ಒಂದು ಜಗಳ, ಕಡಿಮೆಯಾಯಿತು ಅಂತ ಒಂದು ಜಗಳ. ಒಂದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಭೈರವ್ವನಿಗೆ ಆ ಮಾಂತ್ರಿಕನನ್ನು ಕಂಡರಾಗದು, ಸಾತವ್ವನಿಗೂ ಆಗದು.

"ಮಾಸದಯ್ಯನಂತೆ! ಮಸಣಯ್ಯ ಅನ್ನು" ಅಂತ ಮುದುಕಿ ಜಗಲಿ ಮೇಲೆ ಕೂತು ಎಲೆಅಡಿಕೆ ಕುಟ್ಟುತ್ತಾ ಬೈಯುತ್ತಿದ್ದಳು. "ಲೇ ಸಾತಿ, ಕೇಳಿಸ್ಕೊ. ನಾನು ಸತ್ತರೆ ಹಿತ್ತಲ ಬಾಗಿಲಿಂದ ಕಸದ ಹಾಗೆ ಸಾಗಿಸಬೇಡ. ಮುಂಬಾಗಿಲಿಂದ, ನಾಲ್ಕು ಜನರ ಹೆಗಲ ಮೇಲೆ, ಗತ್ತಾಗಿ ಹೋಗಬೇಕು ನಾನು."

"ನೀವೆಲ್ಲಿ ಸಾಯ್ತೀರಿ ಅತ್ತೆಮ್ಮ, ನನ್ನನ್ನ ಕಳಿಸಿಯೇ ಹೋಗೋರು ನೀವು" ಅಂತ ಸಾತವ್ವ ನಗುತ್ತಿದ್ದಳು.

ಒಂದು ಬೆಳಗ್ಗೆ ಸಾತವ್ವ ಗಂಜಿ ತಂದು ಕೂಗಿದಳು. ಮುದುಕಿ ಏಳಲಿಲ್ಲ. ಗಂಜಿಗೆ ಉಪ್ಪಿಲ್ಲ ಅಂದಳು, ಬೇಕೆಂದೇ. ಆಗಲೂ ಬೈಯಲಿಲ್ಲ. ಕಾಲು ಮುಟ್ಟಿ ನೋಡಿದಳು. ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗಿತ್ತು. ಇಷ್ಟು ವರ್ಷ ಜಗಳವಾಡಿದವಳು, ಈಗ ಇನ್ನು ಯಾರ ಜೊತೆ ಜಗಳವಾಡಲಿ ಅಂತ ಗೋಳೋ ಅಂತ ಅತ್ತಳು. ಬೀದಿಯಲ್ಲಿ ಹೋಗುವವರು ಯಾರೂ ನಿಲ್ಲಲಿಲ್ಲ.

ಅತ್ತು ಕಣ್ಣೊರೆಸಿಕೊಂಡು, ಮುದುಕಿಯ ಕಾಲು ತೊಳೆದು, ಅರಿಶಿನ ಹಚ್ಚಿ, ಎದುರುಮನೆಗೆ ಹೋದಳು. "ಅಕ್ಕಾ, ನಮ್ಮತ್ತೆ ಹೋಗಿಬಿಟ್ರು. ನಿಮ್ಮ ಯಜಮಾನರನ್ನ ಕಳಿಸಿ."

ಎದುರುಮನೆಯಾಕೆ ಸಾತವ್ವನ ಅಂಗಳದ ಕಡೆ ಕತ್ತು ಚಾಚಿ ನೋಡಿದಳು. "ರಂಗೋಲಿ ಇದೆಯಲ್ಲೇ! ನಿದ್ದೆ ಹೋಗಿರಬೇಕು, ಇನ್ನೊಂದು ಸಲ ಕೂಗಿ ಎಬ್ಬಿಸು."

ಬಲಗಡೆ ಮನೆಗೆ ಹೋದಳು, ಅಲ್ಲೂ ಅದೇ ಮಾತು. ಎಡಗಡೆ ಮನೆಗೆ ಹೋದಳು, ಅಲ್ಲೂ ಅದೇ ಮಾತು. ಸುಳ್ಳು ಹೇಳುವ ಜನವಲ್ಲ ಅವರು, ಕೆಟ್ಟವರೂ ಅಲ್ಲ. ರಂಗೋಲಿ ಕಂಡ ಕಣ್ಣಿಗೆ ಎದುರಿಗೆ ನಿಂತು ಅಳುತ್ತಿರುವವಳು ಕಾಣಿಸುತ್ತಿರಲಿಲ್ಲ, ಅಷ್ಟೇ. ಸಾತವ್ವ ಓಡಿಬಂದು ಅಂಗಳಕ್ಕೆ ನೀರು ಸುರಿದಳು, ಪೊರಕೆಯಲ್ಲಿ ಉಜ್ಜಿದಳು, ಸಲಿಕೆ ತಂದು ಕೆರೆದಳು. ಕೆರೆದ ಮಣ್ಣಿನ ಮೇಲೂ ಬಿಳಿ ಗೆರೆ ಮತ್ತೆ ಮೂಡಿ ನಗುತ್ತಿತ್ತು.

ಹೊತ್ತು ಮುಳುಗುವುದರೊಳಗೆ ಮುದುಕಿಯನ್ನು ಮಣ್ಣು ಮಾಡಬೇಕು. ಒಬ್ಬಳೇ ಹೊರುವುದು ಆಗದ ಮಾತು. ಹಿತ್ತಲ ಬಾಗಿಲಿಗೆ ಎಳೆದೊಯ್ಯುವುದು ಸತ್ತರೂ ಆಗದ ಮಾತು. ಸಾತವ್ವ ತಲೆದೆಸೆಯಲ್ಲಿ ದೀಪ ಹಚ್ಚಿಟ್ಟು, "ಅತ್ತೆಮ್ಮ, ಇಲ್ಲೇ ಇರಿ, ಹೋಗಿ ಬರ್ತೀನಿ" ಅಂದು, ಪೊರಕೆಯನ್ನೇ ಕೈಯಲ್ಲಿ ಹಿಡಿದು, ಆ ಬಿಳಿ ಗೆರೆ ಬಂದ ಜಾಡು ಹಿಡಿದು ಹೊರಟಳು.

ಗೆರೆ ಊರು ದಾಟಿತು, ಕೆರೆ ದಾಟಿತು, ಒಂದು ಬಿಳಿ ಗುಡ್ಡವನ್ನು ಹತ್ತಿತು. ಆ ಗುಡ್ಡವೆಲ್ಲ ರಂಗೋಲಿ ಕಲ್ಲು. ಅಲ್ಲಿ ಗಿಡ ಬಿಳಿ, ಗಿಡದ ಮೇಲಿನ ಗಿಳಿ ಬಿಳಿ. ಕಾಲಿಟ್ಟರೆ ಸದ್ದಿಲ್ಲ, ಹಿಂತಿರುಗಿದರೆ ಹೆಜ್ಜೆ ಗುರುತಿಲ್ಲ. ಸೂರ್ಯ ಪಂಚೆಯ ಮರೆಯಲ್ಲಿಟ್ಟ ದೀಪದ ಹಾಗೆ ಮಂಕಾಗಿ ಕಾಣುತ್ತಿದ್ದ. ನಡೆಯುತ್ತಾ ನಡೆಯುತ್ತಾ ಸಾತವ್ವನಿಗೆ ತಾನು ಯಾಕೆ ಬಂದೆ ಅನ್ನುವುದೇ ಒಂದೊಂದು ಸಲ ಮರೆಯುತ್ತಿತ್ತು. ಮರೆತಾಗೆಲ್ಲ ಪೊರಕೆಯ ಕಡ್ಡಿ ಅಂಗೈಗೆ ಚುಚ್ಚಿಕೊಳ್ಳುತ್ತಿದ್ದಳು, ಮತ್ತೆ ನೆನಪಾಗುತ್ತಿತ್ತು.

ಮೊದಲನೆಯ ಬಾಗಿಲು ಬಂತು. ಹೊಸಲಿನ ಮುಂದೆ ನವಿಲಿನ ರಂಗೋಲಿ. ಅವಳು ಹತ್ತಿರ ಬರುತ್ತಲೇ ನವಿಲು ನೆಲದಿಂದ ಎದ್ದು, ಮೈ ಕೊಡವಿ, ಆಳೆತ್ತರ ನಿಂತಿತು.

"ನಾನು ಯಾರ ಅಂಗಳದ ನವಿಲು? ಆ ಮನೆಯಲ್ಲಿ ಹೋದವರು ಯಾರು? ಸರಿಯಾಗಿ ಹೇಳಿದರೆ ದಾರಿ. ತಪ್ಪಿದರೆ ನೀನೂ ಗೆರೆಯಾಗ್ತೀ."

"ನಮ್ಮ ಬೀದಿ ನೇಕಾರ ರೇವಣ್ಣನ ಅಂಗಳದ್ದು. ದಿನಾ ನೋಡ್ತೀನಲ್ಲ! ಆ ಮನೆಯಲ್ಲಿ ಯಾರೂ..." ಅನ್ನುವಷ್ಟರಲ್ಲಿ ಅವಳ ಪಾದ ಬೆಳ್ಳಗಾಗಿ ಪುಡಿ ಉದುರತೊಡಗಿತು. ಸಾತವ್ವ ಗಕ್ಕನೆ ನಾಲಿಗೆ ಕಚ್ಚಿಕೊಂಡಳು. ರಂಗೋಲಿ ಬಿಟ್ಟು ಬೇರೇನಾದರೂ ಕಂಡಿದ್ದೆನೇ, ಕೇಳಿದ್ದೆನೇ ಅಂತ ಯೋಚಿಸಿದಳು. ಹೌದು, ಮಗ್ಗ! ಲಟಕ್ ಲಟಕ್ ಅಂತ ಮಧ್ಯಾಹ್ನವೆಲ್ಲ ಬಡಿಯುತ್ತಿದ್ದ ಮಗ್ಗ ಎರಡು ತಿಂಗಳಿಂದ ಸುಮ್ಮನಿದೆ. ಸದ್ಯ, ನಿದ್ದೆ ಮಾಡಬಹುದು ಅಂತ ತಾನು ಸಂತೋಷವಾಗಿ ಮಲಗಿದ್ದಳು.

"ರೇವಣ್ಣ ಹೋದ" ಅಂದಳು ಮೆಲ್ಲಗೆ. "ಮಗ್ಗ ನಿಂತಿತ್ತು. ನಾನು ಕೇಳಲಿಲ್ಲ."

"ಈಗ ಕೇಳಿಸಿತಲ್ಲ" ಅಂತ ನವಿಲು ಪಕ್ಕಕ್ಕೆ ಸರಿಯಿತು.

ಎರಡನೆಯ ಬಾಗಿಲು ಬಂತು. ಹೊಸಲಿನ ಮುಂದೆ ಗಂಟುಗಂಟಾಗಿ ಹೆಣೆದುಕೊಂಡ ನಾಗರದ ರಂಗೋಲಿ. ಹಾವು ಗಂಟು ಬಿಚ್ಚಿಕೊಂಡು ಏಳು ಹೆಡೆ ಎತ್ತಿತು.

"ನಾನು ಯಾರ ಅಂಗಳದ ಹಾವು? ಆ ಮನೆಯಲ್ಲಿ ಹೋದವರು ಯಾರು? ಹೆಸರು ಹೇಳು."

"ಗಾಣದ ಕೆಂಚಣ್ಣನ ಮನೆಯದು" ಅಂದಳು ಸಾತವ್ವ. ಈ ಸಲ ಅವಸರ ಮಾಡಲಿಲ್ಲ. ಗಾಣ ತಿರುಗುತ್ತಿದೆ, ಕೆಂಚಣ್ಣ ಇದ್ದಾನೆ. ಅವನ ಹೆಂಡತಿ ನೀರಿಗೆ ಬರುತ್ತಾಳೆ, ಇದ್ದಾಳೆ. ಮತ್ತೆ ಯಾರು? ಥಟ್ಟನೆ ಅವಳಿಗೆ ತಮ್ಮ ಹಿತ್ತಲ ಸೀಬೆಮರ ಕಣ್ಣಿಗೆ ಬಂತು. ಆ ಮನೆಯ ಪುಟ್ಟ ಹುಡುಗಿಯೊಬ್ಬಳು ಬೇಲಿ ಹಾರಿ ಬಂದು ಸೀಬೆಕಾಯಿ ಕದಿಯುತ್ತಿದ್ದಳು. ಭೈರವ್ವ ಕೋಲು ಹಿಡಿದು ಓಡಿಸುತ್ತಿದ್ದಳು. ಈ ವರ್ಷ ಕಾಯಿ ಮರದಲ್ಲೇ ಹಣ್ಣಾಗಿ ನೆಲಕ್ಕೆ ಬಿದ್ದಿತ್ತು. "ಈ ಸಲ ಒಂದೂ ಕಳುವಾಗಲಿಲ್ಲ ನೋಡು" ಅಂತ ಅತ್ತೆ ಸೊಸೆ ಇಬ್ಬರೂ ಕೂತು, ಉಪ್ಪುಖಾರ ಹಚ್ಚಿಕೊಂಡು, ನಗುನಗುತ್ತಾ ತಿಂದಿದ್ದರು.

ಸಾತವ್ವ ಅಲ್ಲೇ ಕೂತುಬಿಟ್ಟಳು. "ಅವಳ ಹೆಸರು ಗೊತ್ತಿಲ್ಲ ಕಣಪ್ಪ. ನಾವು ಕಳ್ಳಿ ಅಂತಿದ್ವಿ. ಅಷ್ಟೇ ಗೊತ್ತಿರೋದು. ನನ್ನನ್ನ ಗೆರೆ ಮಾಡ್ತೀಯಾ, ಮಾಡು."

"ಗೊತ್ತಿಲ್ಲ ಅಂತ ಒಪ್ಪಿಕೊಂಡವಳು ನೀನೊಬ್ಬಳೇ. ಹೋಗು. ಹೆಸರು ಹೋಗಿ ಕೇಳಿಕೋ" ಅಂದು ಹಾವು ಹೆಡೆ ಇಳಿಸಿತು.

ಮೂರನೆಯ ಬಾಗಿಲು ಬಂತು. ಅಲ್ಲಿ ಮೃಗವೂ ಇಲ್ಲ, ಪಕ್ಷಿಯೂ ಇಲ್ಲ. ಜಗಲಿಯ ಮೇಲೆ ಮಾಸದಯ್ಯನೇ ಕೂತಿದ್ದ. ಇಪ್ಪತ್ತರ ಹುಡುಗನ ಮುಖ, ಎಣ್ಣೆ ಹಚ್ಚಿದ ಹಾಗೆ ಮಿಂಚುವ ಕೂದಲು. ಅವನ ಬೆರಳ ಸಂದಿಯಿಂದ ಆ ಬಿಳಿ ಗೆರೆ ಜುಳುಜುಳು ಇಳಿದು ಊರ ಕಡೆ ಹರಿಯುತ್ತಿತ್ತು. ಅವನ ಅಂಗಳದಲ್ಲಿ ಇದ್ದ ರಂಗೋಲಿಯಂತೂ, ಆಹಾ, ಅಂಥದ್ದನ್ನು ಸಾತವ್ವ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಭೇಷ್! ಇಲ್ಲಿವರೆಗೆ ಬಂದವರು ಯಾರೂ ಇಲ್ಲ" ಅಂದ. "ಅವೆರಡಕ್ಕೂ ಹೇಳಿದೆ, ಈಗ ನನಗೆ ಹೇಳು. ಈ ಮನೆಯಲ್ಲಿ ಹೋದವರು ಯಾರು? ಹಹ್ಹಾ! ಯಾರೂ ಇಲ್ಲ. ಇಲ್ಲಿ ಸಾವೇ ಇಲ್ಲ. ಸೋತೆ ನೀನು."

ಸಾತವ್ವನ ಕಾಲು ಮೊಣಕಾಲಿನವರೆಗೆ ಬೆಳ್ಳಗಾಯಿತು. ಆದರೂ ಅವಳು ಸುತ್ತ ನೋಡಿದಳು. ಒಂದು ಗಡಿಗೆ, ಅದರ ಬಾಯಿಗೆ ಜೇಡರಬಲೆ. ಒಂದು ಒಲೆ, ಒಲೆಯೊಳಗೆ ಹಸಿರು ಹುಲ್ಲು. ಮಾಂತ್ರಿಕನ ರೆಪ್ಪೆಯ ಮೇಲೆ ಪುಡಿ ಕೂತಿದೆ, ಅವನು ರೆಪ್ಪೆ ಮಿಟುಕಿಸುತ್ತಿಲ್ಲ. ಗೆದ್ದಲಿನ ಸಾಲೊಂದು ಅವನ ಮಂಡಿ ಹತ್ತಿ ಆ ಕಡೆ ಇಳಿಯುತ್ತಿದೆ, ಅವನು ಕೊಡವಿಕೊಳ್ಳುತ್ತಿಲ್ಲ. ಸಾತವ್ವ ತೆವಳಿಕೊಂಡು ಹೋಗಿ ಅವನ ಕಾಲು ಮುಟ್ಟಿದಳು. ಬೆಳಗ್ಗೆ ತಾನು ತೊಳೆದ ಕಾಲಿನ ತಣ್ಪೇ ಅದು.

"ಅಯ್ಯೋ ಅಪ್ಪಾ" ಅಂದಳು. "ಹೋದವನು ನೀನೇ ಕಣಪ್ಪಾ."

"ಸುಳ್ಳು!" ಅಂತ ಮಾಂತ್ರಿಕ ಕಿರುಚಿದ. "ರಂಗೋಲಿ ಇದೆಯಲ್ಲ!"

"ಅದಕ್ಕೇ ಯಾರೂ ಬರಲಿಲ್ಲ. ಅದಕ್ಕೇ ನಿನಗೂ ಗೊತ್ತಾಗಲಿಲ್ಲ."

ಅವನು ಒಲೆಯ ಕಡೆ ನೋಡಿದ. ಗಡಿಗೆಯ ಕಡೆ ನೋಡಿದ. ತನ್ನ ಮಂಡಿಯ ಮೇಲಿನ ಗೆದ್ದಲಿನ ಕಡೆ ನೋಡಿದ. "ಯಾವಾಗ?" ಅಂತ ಕೇಳಿದ, ದನಿ ಸಣ್ಣದಾಗಿತ್ತು.

"ಗೊತ್ತಿಲ್ಲಪ್ಪ. ಹುಲ್ಲು ನೋಡಿದರೆ ಬಹಳ ದಿನ ಆಗಿರಬೇಕು."

ಅವನ ಕೈ ನಿಂತಿತು. ಗೆರೆ ಕಡಿಯಿತು. "ನನಗೆ ಯಾರಾದರೂ ಅಳ್ತಾರೇನಮ್ಮಾ?" ಅಂದ.

ಸಾತವ್ವನಿಗೆ ಕೋಪವೂ ಬಂತು, ಅಳುವೂ ಬಂತು. ಇವನಿಂದ ತಾನೇ ನನ್ನತ್ತೆ ಒಬ್ಬಳೇ ಮಲಗಿದ್ದಾಳೆ ಅನ್ನಿಸಿತು. ಆದರೂ ಎದುರಿಗೆ ಹೆಣ ಇಟ್ಟುಕೊಂಡು ಎದ್ದು ಹೋಗುವುದು ಹೇಗೆ? ಬೆಳ್ಳಂಗಳದ ಪದ್ಧತಿಯಲ್ಲಿ ಸತ್ತವರ ಗುಣ ಹಾಡಿಕೊಂಡು ಅಳಬೇಕು. ಇವನ ಗುಣ ಅವಳಿಗೇನು ಗೊತ್ತು? ತಲೆಯ ಮೇಲೆ ಸೆರಗೆಳೆದುಕೊಂಡು, "ಗೆರೆ ಚೆನ್ನಾಗಿ ಎಳೀತಿದ್ದೆಯಲ್ಲೋ ನನ್ನಪ್ಪಾ" ಅಂತ ರಾಗವೆಳೆದು ಅತ್ತಳು. ಅಷ್ಟಕ್ಕೆ ಮಾಂತ್ರಿಕನ ಮುಖ ಸುಕ್ಕಾಯಿತು, ಕೂದಲು ಬೆಳ್ಳಗಾಯಿತು, ಮೈ ಒರಗಿತು. ಸಾತವ್ವ ಅವನ ಕಣ್ಣು ಮುಚ್ಚಿದಳು.

ಆಗ ಗುಡ್ಡದಿಂದ ಗಾಳಿ ಎದ್ದಿತು. ನವಿಲು ಹಾರಿತು, ಹಾವು ಹಾರಿತು. ಬೆಳ್ಳಂಗಳದ ಮೇಲೆ ಎಷ್ಟೋ ವರ್ಷದ ರಂಗೋಲಿಯೆಲ್ಲ ಪುಡಿಪುಡಿಯಾಗಿ ಮೇಲೆದ್ದು, ಬಿಳಿ ಮೋಡವಾಗಿ, ಕೆರೆಯಾಚೆ ತೇಲಿಹೋಯಿತು. ಸಾತವ್ವನ ಕಾಲಿಗೆ ಮತ್ತೆ ಬಣ್ಣ ಬಂತು. ಅವಳು ಗುಡ್ಡ ಇಳಿದು ಓಡಿದಳು.

ಊರಲ್ಲಿ ಎಲ್ಲ ಅಂಗಳವೂ ಬೋಳು. ಜನ ಬಾಗಿಲಿಗೆ ಬಂದು ನಿಂತು, ಒಬ್ಬರ ಅಂಗಳವನ್ನು ಒಬ್ಬರು ನೋಡುತ್ತಿದ್ದರು. "ನಿಮ್ಮನೇಲಿ ಯಾರು ಹೋದ್ರು?" "ನಮ್ಮಪ್ಪ, ಹೋದ ಚೈತ್ರದಲ್ಲಿ. ನಿಮ್ಮನೇಲಿ?" "ನನ್ನ ತಂಗಿ." ಹಳೆಯ ಅಳು, ಹೊಸ ಅಳು, ಎಲ್ಲ ಒಟ್ಟಿಗೆ ಕಟ್ಟೆಯೊಡೆದಿತ್ತು. ಅರಮನೆಯ ಕಡೆಯಿಂದ ದೊರೆ ಸೋಮಭೂಪ ಬರಿಗಾಲಲ್ಲಿ, ರಾಣಿಯ ಹೆಸರು ಕೂಗುತ್ತಾ ಬೀದಿಗೆ ಬಂದಿದ್ದ. ಎದುರುಮನೆಯಾಕೆ ಓಡಿಬಂದು ಸಾತವ್ವನನ್ನು ತಬ್ಬಿಕೊಂಡಳು. "ಎಬ್ಬಿಸು ಅಂದೆನಲ್ಲೇ! ನನ್ನ ಬಾಯಿಗಿಷ್ಟು ಮಣ್ಣು ಹಾಕ!"

ಸಾತವ್ವನ ಅಂಗಳದಲ್ಲಿ ಆಗಲೇ ಬಿದಿರು ತಂದು ಚಟ್ಟ ಕಟ್ಟುತ್ತಿದ್ದರು. ಹಗ್ಗ ಬಿಗಿಯುತ್ತಿದ್ದವನು ಗಾಣದ ಕೆಂಚಣ್ಣ. ಸಾತವ್ವ ಅವನೆದುರು ನಿಂತಳು. ಹೇಗೆ ಕೇಳಬೇಕೋ ತಿಳಿಯದೆ ಕೇಳಿಬಿಟ್ಟಳು. "ಅಣ್ಣಾ, ನಿಮ್ಮ ಮಗಳ ಹೆಸರೇನು?"

ಕೆಂಚಣ್ಣನ ಕೈ ನಿಂತಿತು. "ಹೊಂಬಾಳೆ" ಅಂದ. "ನಿಮ್ಮ ಹಿತ್ತಲಿಗೆ ಬರ್ತಿದ್ಲು."

"ನಾನು ಬರಲಿಲ್ಲ ಅಣ್ಣಾ, ಆವತ್ತು."

"ನಾನು ರೇವಣ್ಣನ ಮನೆಗೆ ಹೋಗಿದ್ನೇನಮ್ಮಾ?" ಅಂದು ಅವನು ಹಗ್ಗ ಬಿಗಿದ.

ಹೊತ್ತು ಮುಳುಗಲು ಇನ್ನೂ ಎರಡು ಗಳಿಗೆ ಇರುವಾಗ ಭೈರವ್ವ ಮುಂಬಾಗಿಲಿಂದ, ನಾಲ್ಕು ಜನರ ಹೆಗಲ ಮೇಲೆ, ಗತ್ತಾಗಿ ಹೊರಟಳು. ಊರಿಗೆ ಊರೇ ಹಿಂದೆ ಬಂತು. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು.

ಮಣ್ಣಾದ ಮೇಲೆ ಸಾತವ್ವ ಹೇಳಿದಳು: "ಗುಡ್ಡದ ಮೇಲೆ ಇನ್ನೊಂದು ಹೆಣ ಇದೆ. ಮಾಸದಯ್ಯ."

ಜನ ಸಿಡಿದೆದ್ದರು. "ಆ ಮನೆಹಾಳನಾ? ಹದ್ದು ತಿನ್ನಲಿ ಬಿಡು!" ಒಬ್ಬ ಮುದುಕ ಉಗಿದೇಬಿಟ್ಟ.

"ಹಾಗೆ ಅಂದರೆ ನಾವಿನ್ನೂ ಅವನ ರಂಗೋಲಿ ಒಳಗೇ ಇದ್ದೀವಿ ಅಂತ ಆಯ್ತು" ಅಂದಳು ಸಾತವ್ವ. "ನಾಳೆ ಬೆಳಗ್ಗೆ ನಾನು ಹೋಗ್ತೀನಿ. ನನ್ನದೊಂದು ಹೆಗಲು. ಇನ್ನು ಮೂರು ಬೇಕು."

"ಹೆಂಗಸು ಹೆಗಲು ಕೊಡೋದುಂಟೇ?" ಅಂತ ಅದೇ ಮುದುಕ ಗೊಣಗಿದ.

"ನೀನು ಕೊಡು ಹಾಗಾದರೆ, ನಾನು ಬಿಡ್ತೀನಿ."



ಮಾರನೆಯ ಬೆಳಗ್ಗೆ ಸಾತವ್ವ ಗುಡ್ಡದ ಬುಡಕ್ಕೆ ಹೋದಾಗ ಅಲ್ಲಿ ಕೆಂಚಣ್ಣ ಬಂದಿದ್ದ. ರೇವಣ್ಣನ ಹೆಂಡತಿ ಗಂಗವ್ವ, ಗಂಡನ ಮಗ್ಗದಿಂದ ಇಳಿಸಿದ ಕೊನೆಯ ಬಿಳಿ ಬಟ್ಟೆಯನ್ನು ಮಡಿಸಿಕೊಂಡು ಬಂದಿದ್ದಳು. ಸ್ವಲ್ಪ ಹೊತ್ತಿಗೆ ದೊರೆಯೂ ಬಂದ, ಕಿರೀಟ ಇಲ್ಲ, ಕೆರ ಇಲ್ಲ. "ಹೂಂ ಅಂದವನು ನಾನೇ. ಮೊದಲು ಬರಬೇಕಾದವನೂ ನಾನೇ" ಅಂದ. ನಾಲ್ವರೂ ಸೇರಿ ಮಾಂತ್ರಿಕನನ್ನು ಹೊತ್ತು ತಂದರು. ಹೆಣ ಹಗುರವಾಗಿತ್ತು, ಆದರೆ ದಾರಿ ಉದ್ದ, ಬಿಸಿಲು ಜೋರು. ಅರ್ಧ ದಾರಿಯಲ್ಲಿ ಸಾತವ್ವನ ಹೆಗಲು ಬದಲಾಯಿಸಲು ಒಂದು ಕೈ ಮುಂದೆ ಬಂತು. ನೋಡಿದರೆ ಅದೇ ಗೊಣಗುವ ಮುದುಕ.

ಹದಿಮೂರು ದಿನ ಬೆಳ್ಳಂಗಳದಲ್ಲಿ ಯಾರೂ ರಂಗೋಲಿ ಬಿಡಲಿಲ್ಲ. ಹದಿನಾಲ್ಕನೆಯ ದಿನ ಹೆಂಗಸರು ಮತ್ತೆ ಬೆನ್ನು ಬಗ್ಗಿಸಿದರು. ಬೆಳಗ್ಗೆ ಬಿಟ್ಟಿದ್ದನ್ನು ಮಧ್ಯಾಹ್ನ ಎಮ್ಮೆ ತುಳಿಯಿತು, ಸಂಜೆ ಮಕ್ಕಳು ಕುಂಟೆಬಿಲ್ಲೆ ಆಡಿ ಅಳಿಸಿದರು. ಹೆಂಗಸರು ಎಮ್ಮೆಗೂ ಮಕ್ಕಳಿಗೂ ಬಾಯಿತುಂಬಾ ಬೈದು, ಮರುದಿನ ಮತ್ತೆ ಬಿಟ್ಟರು.

ಅಂದಿನಿಂದ ಬೆಳ್ಳಂಗಳದ ಜನ ಸುಖವಾಗಿದ್ದರು. ಅಲ್ಲಿ ಸಾವು ಬರಲಿಲ್ಲ ಅಂತಲ್ಲ ಮತ್ತೆ. ಬರುತ್ತಿತ್ತು, ಎಲ್ಲರ ಮನೆಗೂ ಬರುವ ಹಾಗೆ. ಬಂದಾಗ ಪಕ್ಕದ ಮನೆಗೆ ಗೊತ್ತಾಗುತ್ತಿತ್ತು.